ಡಾಕ್ಟರಮ್ಮನ ಎರಡು ಸೀಟಿನ ಕಾರು

ತಿರುವನಂತಪುರ, ಮಹಡಿಯ ಕೋಣೆ

ನಮ್ಮವ್ವನ ಲೆಕ್ಕದಲ್ಲಿ ಕೇರಳ ಪರದೇಶವೇ ಆಗಿತ್ತು. ಧಾರವಾಡದಿಂದ ಮೂರು ಕಡೆ ಗಾಡಿ ಬದಲಿಸಬೇಕು, ಜೋಳ ಸಿಗುವುದಿಲ್ಲ, ಆಡಿದ ಮಾತು ತಿಳಿಯುವುದಿಲ್ಲ. ಪರದೇಶ ಎನ್ನಲು ಇನ್ನೇನು ಬೇಕು? "ಪರದೇಶದಾಗ ಒಬ್ಬಾಕಿನ ಇರ್ತಿ, ಯಾರರ ಏನರ ಕೊಟ್ರ ತಿನಬ್ಯಾಡ" ಎಂದು ಪ್ರತಿ ಪತ್ರದ ಕೊನೆಗೂ ಬರೆಸುತ್ತಿದ್ದಳು.

ನಾನು ತಿರುವನಂತಪುರಕ್ಕೆ ಹೋದದ್ದು ಅರವತ್ತರ ದಶಕ ಮುಗಿಯುತ್ತಿದ್ದಾಗ, ಕಡಲ ದಂಡೆಯಿಂದ ರಾಕೆಟ್ ಹಾರಿಸುವವರ ಕಚೇರಿಗೆ. ಹಾರಿಸುವವರು ಬೇರೆ. ಹಾರಿದ ಮೇಲೆ ಬಂದ ಅಂಕಿಗಳನ್ನು ಗ್ರಾಫ್ ಹಾಳೆಯ ಮೇಲೆ ಚುಕ್ಕಿಯಾಗಿ ಇಡುವುದು ನನ್ನ ಕೆಲಸ. ಹೆಂಚಿನ ಮನೆಯೊಂದರ ಮಹಡಿಯ ಕೋಣೆಯಲ್ಲಿ ಬಾಡಿಗೆಗಿದ್ದೆ. ಮನೆಯೊಡತಿಯ ಅಕ್ಕ ಡಾಕ್ಟರ್ ಸಾರಮ್ಮ, ಕೊಚ್ಚಿಯಲ್ಲಿ ಮೂವತ್ತು ವರ್ಷ ಬಾಣಂತಿಯರನ್ನು ನೋಡಿಕೊಂಡು ನಿವೃತ್ತರಾಗಿ, ತಂಗಿಯ ಆಸರೆಗೆ ಬಂದಿದ್ದರು. ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಮೆಟ್ಟಿಲ ಸದ್ದಿನಿಂದಲೇ ನನ್ನನ್ನು ಗುರುತಿಸುತ್ತಿದ್ದರು. ಮಾತು ಇಂಗ್ಲಿಷಿನಲ್ಲಿ ಆರಂಭಿಸಿ ಮಲಯಾಳದಲ್ಲಿ ಮುಗಿಸುವುದು ಅವರ ಪದ್ಧತಿ.

ಒಂದು ಸಂಜೆ ನಾನು ಮನೆಯೊಡತಿಗೆ, ಅಪ್ಪ ಕೃಷಿ ಇಲಾಖೆಯ ಜೀಪಿನಲ್ಲಿ ನನಗೆ ಡ್ರೈವಿಂಗ್ ಕಲಿಸಿದ ಕತೆ ಹೇಳುತ್ತಿದ್ದೆ. ಜಗಲಿಯಲ್ಲಿ ಆರಾಮಕುರ್ಚಿಯ ಮೇಲಿದ್ದ ಡಾಕ್ಟರಮ್ಮ ಥಟ್ಟನೆ ಎದ್ದು ಕೂತರು.

"ಲೈಸೆನ್ಸ್ ಇದೆಯಾ ಮೋಳೆ?" ಎಂದರು. ಮೋಳೆ ಎಂದರೆ ಮಗಳೇ.

"ಅದ, ಡಾಕ್ಟರಮ್ಮ" ಎಂದೆ. ಗಡಿಬಿಡಿಯಲ್ಲಿ ನನ್ನ ಬಾಯಿಂದ ಧಾರವಾಡದ ಮಾತೇ ಬರುತ್ತದೆ.

ವಿಷಯ ಇಷ್ಟು. ಅವರದೊಂದು ಕಾರು ಫೋರ್ಟ್ ಕೊಚ್ಚಿಯ ಶೆಡ್ಡಿನಲ್ಲಿ ಎರಡು ವರ್ಷದಿಂದ ನಿಂತಿತ್ತು. ದೇಶ ಬಿಟ್ಟು ಹೊರಟ ಒಬ್ಬ ಇಂಗ್ಲಿಷಿನವನಿಂದ ಕೊಂಡದ್ದು. ಮುಚ್ಚಿಗೆಯನ್ನು ಹಿಂದಕ್ಕೆ ಮಡಿಸಿಡುವ, ಎರಡೇ ಸೀಟಿನ ರೇಸಿನ ಜಾತಿಯ ಕಾರು. ಅದನ್ನು ತರಲು ಕಳಿಸಿದ ಇಬ್ಬರು ಡ್ರೈವರುಗಳು ನೋಡಿ, ಇದರಲ್ಲಿ ಕೂರುವುದಲ್ಲ, ಮಲಗಬೇಕು ಎಂದು ವಾಪಸಾಗಿದ್ದರಂತೆ. ಬರುವ ತಿಂಗಳ ಮೊದಲ ಸೋಮವಾರ ಒಂದು ಕಣ್ಣಿನ ಆಪರೇಷನ್.

"ಆಪರೇಷನ್ ಕೆಟ್ಟರೆ ಕೆಡಲಿ. ಅದಕ್ಕೆ ಮುಂಚೆ ಒಂದು ಸಲ ಅದನ್ನು ನೋಡಬೇಕು. ಒಳ್ಳೆ ಬಿಸಿಲಿದ್ದರೆ ನನಗೆ ಹಸಿರು ಬಣ್ಣ ಇನ್ನೂ ಕಾಣುತ್ತೆ" ಎಂದರು. ದನಿಯಲ್ಲಿ ದುಃಖವೇನೂ ಇರಲಿಲ್ಲ. "ನಾ ತರ್ತೇನ್ರಿ" ಎಂದೆ.

ಆ ರಾತ್ರಿಯೇ, ಕಾರು ತರಲು ಜೊತೆಗೆ ಬಾ ಎಂದು ವಾಸಂತಿಗೆ ಪತ್ರ ಬರೆದೆ. ವಾಸಂತಿ ಕಾಸರಗೋಡಿನವಳು, ಎರ್ನಾಕುಳದಲ್ಲಿ ಒಬ್ಬ ಹಿರಿಯ ವಕೀಲರ ಕೈಕೆಳಗೆ ಕೆಲಸ ಕಲಿಯುತ್ತಿದ್ದಳು. ಅಲ್ಲಿನ ಕನ್ನಡದ ಮನೆಯೊಂದರ ಯುಗಾದಿ ಊಟದಲ್ಲಿ ಪರಿಚಯವಾದವಳು. ಮಾವನ ಕಾರು ಓಡಿಸಿ ಅಭ್ಯಾಸವಿತ್ತು. ಮೂರನೇ ದಿನಕ್ಕೆ ಉತ್ತರ ಬಂತು: "ಹೆದ್ದಾರಿಯಲ್ಲಿ ಹೋಗುವುದಾದರೆ ನಾನಿಲ್ಲ. ಅಂಥ ಕಾರು ಸಿಕ್ಕಿ ಲಾರಿಯ ಹೊಗೆ ಕುಡಿಯುತ್ತಾ ಹೋಗುವುದು ಎಂತಕ್ಕೆ ಮಾರಾಯ್ತಿ? ಕಡಲ ಬದಿಯಿಂದ ಹೋಗುವ."

ಹಾಗೆ ನಾಲ್ಕು ವಾರ ಯೋಜನೆ ಹಾಕಿದೆವು. ಆಫೀಸಿನ ಹಾಳಾದ ಗ್ರಾಫ್ ಹಾಳೆಯ ಬೆನ್ನಿಗೆ ನಾನು ನಕಾಶೆ ಬರೆದೆ. ಡಾಕ್ಟರಮ್ಮ ಕಣ್ಣು ಮುಚ್ಚಿ ದಾರಿ ಹೇಳುತ್ತಿದ್ದರು. ಆಲಪ್ಪುಳ ದಾಟಿದ ಮೇಲೆ ಬಲಕ್ಕೆ ತಿರುಗು, ಎಡಗಡೆ ಕಾಯಲ್, ಬಲಗಡೆ ಸಮುದ್ರ, ನಡುವೆ ಒಂದೇ ದಾರಿ. ಕಾಯಲ್ ಎಂದರೆ ಆ ಕಡೆಯ ಹಿನ್ನೀರು. ಭೂಮಿ ಮುಗಿಯುವಲ್ಲಿ ಜಂಗಾರ್ ಸಿಗುತ್ತದೆ, ಕಾರನ್ನು ಹತ್ತಿಸಿ ಆಚೆ ದಡಕ್ಕೆ ಹೋಗು ಎಂದರು. ನಾನು ಅಲ್ಲಿ ಒಂದು ದೋಣಿಯ ಚಿತ್ರ ಬರೆದು ಪಕ್ಕದಲ್ಲಿ ಜಂಗಾರ್ ಎಂದು ಬರೆದೆ. ಅವರು ಆ ದಾರಿಯಲ್ಲಿ ಕಡೆಯ ಸಲ ಹೋಗಿದ್ದು ಯಾವಾಗ ಎಂದು ಕೇಳಲು ನನಗಾಗಲಿ ವಾಸಂತಿಗಾಗಲಿ ಹೊಳೆಯಲಿಲ್ಲ.

ಫೋರ್ಟ್ ಕೊಚ್ಚಿ, ಶನಿವಾರ ಬೆಳಿಗ್ಗೆ

ಶೆಡ್ಡು ಒಂದು ಮಸಾಲೆ ಗೋದಾಮಿನ ಹಿಂದೆ ಇತ್ತು. ಬಾಗಿಲು ತೆಗೆದಾಗ ಒಳಗಿಂದ ಬಂದದ್ದು ಪೆಟ್ರೋಲಿನ ವಾಸನೆಯಲ್ಲ, ಒಣಶುಂಠಿಯ ಘಾಟು. ನಾನು ಸೀನುತ್ತಲೇ ಕಾರಿನ ಮುಖ ನೋಡಿದೆ.

ಸೊಂಟದೆತ್ತರದ ಕಾರು. ಉದ್ದನೆ ಮೂತಿ, ಅದರ ಎರಡು ಕಡೆ ಕಪ್ಪೆಗಣ್ಣಿನಂಥ ದೀಪ, ಸೈಕಲ್ಲಿನ ಹಾಗೆ ತಂತಿಯ ಗಾಲಿ, ಹತ್ತಲು ಉದ್ದಕ್ಕೂ ಫುಟ್‌ಬೋರ್ಡು. ಎಲೆಹಸಿರು ಬಣ್ಣ ಅಲ್ಲಲ್ಲಿ ಮಾಸಿತ್ತು. ಅದನ್ನು ನೋಡಿಕೊಳ್ಳುತ್ತಿದ್ದ ಮುದುಕ ಮೆಕ್ಯಾನಿಕ್ ವಾರವಿಡೀ ಕೂತು ಸಿದ್ಧಮಾಡಿದ್ದ. ನಮ್ಮಿಬ್ಬರನ್ನೂ, ನಮ್ಮ ಸೀರೆಗಳನ್ನೂ, ತಲೆಗೆ ಬಿಗಿದ ಸ್ಕಾರ್ಫುಗಳನ್ನೂ ನೋಡಿ ಅವನು ಶಿಲುಬೆಯ ಗುರುತು ಮಾಡಿಕೊಂಡ. ನಮಗಾಗಿಯೋ ಕಾರಿಗಾಗಿಯೋ ತಿಳಿಯಲಿಲ್ಲ.

"ಬ್ರೇಕು ಒಳ್ಳೆಯದು. ಹ್ಯಾಂಡ್‌ಬ್ರೇಕು..." ಎಂದು ಕೈಯನ್ನು ಗಾಳಿಯಲ್ಲಿ ಅಲ್ಲಾಡಿಸಿದ.

ಕಾರು ಕೆಮ್ಮಿತು, ನಾಲ್ಕು ಸಲ ಗುಡುಗಿತು, ಆಮೇಲೆ ಎಷ್ಟು ಚೆಂದದ ದನಿ ತೆಗೆಯಿತೆಂದರೆ ಬೀದಿಯ ಕಿಟಕಿಗಳೆಲ್ಲ ತೆರೆದುಕೊಂಡವು. ಸೀಟಿನಲ್ಲಿ ಕೂತರೆ ಕೈ ಚಾಚಿ ರಸ್ತೆ ಮುಟ್ಟಬಹುದು. ಜೀಪಿನಲ್ಲಿ ಕೂತವಳಿಗೆ ಲೋಕ ಕೆಳಗಿರುತ್ತದೆ. ಇಲ್ಲಿ ಸೈಕಲ್ ಸವಾರರ ಮೊಣಕಾಲು ನನ್ನ ಮುಖಕ್ಕೆ ಸಮ. ಎತ್ತಿನ ಗಾಡಿಯೊಂದು ಎದುರು ಬಂದಾಗ ಎತ್ತು ಕತ್ತು ಬಗ್ಗಿಸಿ ನನ್ನನ್ನು ನೋಡಿತು.

ಆಲಪ್ಪುಳದವರೆಗೆ

ನಮ್ಮ ಕಡೆ ಊರೆಂದರೆ ಒಂದು ಕಡೆ ಶುರುವಾಗಿ ಒಂದು ಕಡೆ ಮುಗಿಯುತ್ತದೆ. ನಡುವೆ ಹೊಲ, ಹೊಲದ ನಡುವೆ ಒಂದು ಬೇವಿನ ಮರ, ಆಮೇಲೆ ಮುಂದಿನ ಊರು. ಕೇರಳದಲ್ಲಿ ಊರು ಮುಗಿಯುವುದೇ ಇಲ್ಲ. ಮನೆ, ತೆಂಗು, ಚಾದಂಗಡಿ, ಚರ್ಚು, ಮತ್ತೆ ಮನೆ. ಅಂಗಡಿಯ ಕಟ್ಟೆಯ ಮೇಲೆ ಒಬ್ಬ ಪತ್ರಿಕೆ ಗಟ್ಟಿಯಾಗಿ ಓದುತ್ತಿರುತ್ತಾನೆ, ಉಳಿದವರು ಅದಕ್ಕೆ ವಾದ ಹೂಡುತ್ತಿರುತ್ತಾರೆ. ನಮ್ಮ ಕಾರು ಹಾದುಹೋಗುವಾಗ ಮಾತ್ರ ವಾದ ನಿಲ್ಲುತ್ತಿತ್ತು.

ಚೇರ್ತಲ ದಾಟಿದ ಮೇಲೆ ವಾಸಂತಿ ಸ್ಟೀರಿಂಗ್ ಹಿಡಿದಳು. ಎದುರಿಗೆ ಕೆಂಪು ಬಾವುಟಗಳ ಮೆರವಣಿಗೆ ಬಂತು. ದಾರಿ ಕೇಳಲು ಒಮ್ಮೆ ಹಾರ್ನ್ ಒತ್ತಿದಳು. ಒತ್ತಿದ ಹಾರ್ನ್ ನಿಲ್ಲಲಿಲ್ಲ. ಗುಂಡಿ ಎಳೆದಳು, ಗುದ್ದಿದಳು, "ಎಂತ ಸಾವು ಇದು!" ಎಂದು ಕೂಗಿದಳು. ಕಾರು ಭೋ ಎಂದು ಒಂದೇ ಸಮನೆ ಅಳುತ್ತಿತ್ತು. ಬೈಸಿಕೊಳ್ಳುತ್ತೇವೆಂದು ನಾನು ತಲೆ ತಗ್ಗಿಸಿದೆ. ಮುಂದಿದ್ದವನು ನಿಂತು ನೋಡಿ, ಇಬ್ಬರು ಹುಡುಗಿಯರು ತಮಗೆ ಬೆಂಬಲ ಕೊಡುತ್ತಿದ್ದಾರೆಂದು ತಿಳಿದು ಮುಷ್ಟಿ ಎತ್ತಿ ಘೋಷಣೆ ಕೂಗಿದ. ಮೆರವಣಿಗೆಯೆಲ್ಲ ನಮಗೆ ಮುಷ್ಟಿ ತೋರಿಸುತ್ತಾ ಹೋಯಿತು. ವಾಸಂತಿ ಹೆದರಿ ತಾನೂ ಮುಷ್ಟಿ ಎತ್ತಿದಳು.

ಆಲಪ್ಪುಳದ ಮೆಕ್ಯಾನಿಕ್ ತಂತಿ ಕಿತ್ತು ಕಾರಿನ ಬಾಯಿ ಮುಚ್ಚಿಸಿದ. ಅಲ್ಲಿಂದ ಮುಂದೆ ಹಾರ್ನ್ ಇಲ್ಲ. ತಿರುವು ಬಂದಾಗಲೆಲ್ಲ ನಮ್ಮಲ್ಲಿ ಒಬ್ಬಳು ಅರ್ಧ ಎದ್ದು ನಿಂತು "ಮಾರಿಕ್ಕೋ!" ಎಂದು ಕೂಗಬೇಕಾಯಿತು. ಸರಿದುಕೊಳ್ಳಿ ಎಂದು ಅದರರ್ಥ.

ಕಡಲ ದಾರಿ

ಹೆದ್ದಾರಿ ಬಿಟ್ಟು ಬಲಕ್ಕೆ ತಿರುಗಿದೆವು. ಯೋಜನೆ ಹಾಕುವಾಗ ಏನನ್ನು ಕಲ್ಪಿಸಿಕೊಂಡಿದ್ದೆವೋ ಅದು ಹಾಗೆಯೇ ಎದುರಿಗಿತ್ತು. ಬಲಕ್ಕೆ ಸಮುದ್ರ, ಎಡಕ್ಕೆ ಕಾಯಲ್, ನಡುವೆ ನಮ್ಮ ದಾರಿ ನನ್ನ ತಮ್ಮನ ಜನಿವಾರದಷ್ಟು ಸಣ್ಣದು. ಕೆಳಗಿರುವ ಸೀಟಿನಿಂದ ನೋಡಿದರೆ ಎರಡು ಕಡೆಯ ನೀರೂ ನನಗಿಂತ ಎತ್ತರದಲ್ಲಿದ್ದಂತೆ ಕಾಣುತ್ತಿತ್ತು. ನಾನು ಹುಟ್ಟಿನಿಂದ ಕಂಡ ದೊಡ್ಡ ನೀರು ಕೆಲಗೇರಿಯ ಕೆರೆ. ಈಜು ಬಾರದು. ಆದರೂ ಆ ಅರ್ಧ ಗಂಟೆ ನಾನು ಬಾಯಿ ತೆರೆದೇ ನಕ್ಕಿದ್ದೇನೆ ಎಂದು ವಾಸಂತಿ ಆಮೇಲೆ ಹೇಳಿದಳು. ಹಲ್ಲಿಗೆಲ್ಲ ಮರಳು ಮೆತ್ತಿತ್ತು.

ಆಮೇಲೆ ಟಾರು ಮುಗಿದು ಮರಳು ಶುರುವಾಯಿತು. ಕಾರು ಹೂತಿತು. ಬಲೆ ಹೆಣೆಯುತ್ತಿದ್ದವರು ಎದ್ದು ಬಂದು, ಒಂದು ಪ್ರಶ್ನೆಯನ್ನೂ ಕೇಳದೆ, ಹಿಂದಿನಿಂದ ಎತ್ತಿ ಮುಂದಿಟ್ಟರು. ಮತ್ತೆ ಹೂತಿತು, ಮತ್ತೆ ಯಾರೋ ಎತ್ತಿದರು. ಮೂರನೇ ಸಲ ಎತ್ತಿದವರು ಒಂದು ಚಾದಂಗಡಿಯ ಮುಂದೆಯೇ ಇಟ್ಟರು. ಆ ಊರು ಆರಾಟ್ಟುಪುಳ.

ಆರಾಟ್ಟುಪುಳ, ಚಾದಂಗಡಿ

ಚಾದವನು ಒಂದು ಲೋಟದಿಂದ ಇನ್ನೊಂದಕ್ಕೆ ಒಂದು ಗಜ ಉದ್ದದ ಚಹಾ ಸುರಿಯುತ್ತಿದ್ದ. ನಾವಿನ್ನೂ ಬಾಯಿಗಿಟ್ಟಿರಲಿಲ್ಲ, ರಸ್ತೆಯಾಚೆಯಿಂದ ಒಬ್ಬ ಹೆಂಗಸು ನೆಟ್ಟಗೆ ಕಾರಿನ ಹತ್ತಿರ ಬಂದಳು. ಐವತ್ತರ ಮೇಲಿನ ವಯಸ್ಸು, ಸೊಂಟಕ್ಕೆ ಪಂಚೆಯಂಥ ಬಿಳಿ ಮುಂಡು, ಕೂದಲ ತುಂಬ ತೆಂಗಿನ ನಾರಿನ ಎಳೆಗಳು. ಹಗ್ಗ ಹೊಸೆಯುವ ಕೆಲಸ ಬಿಟ್ಟು ಎದ್ದು ಬಂದಿದ್ದಳು. ಕಾರಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿದಳು. ಎಡಗಡೆಯ ಬಾಗಿಲು ತೆಗೆದು, ಹಾಕಿ, ತೆಗೆದಳು. ಆಮೇಲೆ ಒಳಗೆ ಬಗ್ಗಿ ಕೀಲಿ ಕಿತ್ತು ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ಡಾಕ್ಟರಮ್ಮ ಎಲ್ಲಿ?" ಎಂದು ಕೇಳಿದಳು.

ನನಗೆ ಮಲಯಾಳ ಅರ್ಧ ತಿಳಿಯುತ್ತಿತ್ತು, ಆಡಲು ಕಾಲು ಭಾಗ ಬರುತ್ತಿತ್ತು. ವಾಸಂತಿ ಮುಂದೆ ಬಂದಳು. ಅವಳದು ಕಾಸರಗೋಡಿನ ಮಲಯಾಳ. ಎಲ್ಲಿ ಎನ್ನುವುದಕ್ಕೆ ಅವಳು "ಏಡ್ಯಾ" ಎಂದರೆ ಅಲ್ಲಿನವರು "ಎವಿಡೆ" ಎನ್ನುವವರು. ಅವಳು ಎರಡು ವಾಕ್ಯ ಆಡುವಷ್ಟರಲ್ಲಿ ಅಂಗಡಿಯ ಮುಂದೆ ನೆರೆದವರೆಲ್ಲ ನಗಲು ಶುರುಮಾಡಿದರು. ಆ ಹೆಂಗಸು ನಗಲಿಲ್ಲ.

"ಡಾಕ್ಟರಮ್ಮ ಈ ಕಾರನ್ನು ಯಾರ ಕೈಗೂ ಕೊಡುವವರಲ್ಲ. ಎಂಟು ವರ್ಷ ಪ್ರತಿ ಶುಕ್ರವಾರ ಈ ಎಡಗಡೆ ಸೀಟಿನಲ್ಲಿ ಔಷಧಿ ಚೀಲ ಹಿಡಿದು ಕೂತವಳು ನಾನು. ನನಗೇ ಸ್ಟೀರಿಂಗ್ ಮುಟ್ಟಲು ಬಿಟ್ಟಿಲ್ಲ. ನೀವು ಕದ್ದಿದ್ದೀರಿ."

ಅವಳು ಕಾರ್ತ್ಯಾಯನಿ. ಆ ಕಡಲ ದಂಡೆಯಲ್ಲಿ ಡಾಕ್ಟರಮ್ಮ ವಾರಕ್ಕೊಮ್ಮೆ ಔಷಧಾಲಯ ನಡೆಸುತ್ತಿದ್ದಾಗ ಅವರ ಬಲಗೈಯಾಗಿದ್ದವಳು.

ವಾಸಂತಿಗೆ ವಕೀಲಿ ನೆನಪಾಯಿತು. "ದಾಖಲೆ ಉಂಟು ನಮ್ಮಲ್ಲಿ!" ಎಂದು ಕಾರಿನ ಕಾಗದದ ಪುಸ್ತಕ ತೆಗೆದು ಎಲ್ಲರಿಗೂ ತೋರಿಸಿದಳು. ಚಹಾ ಕುಡಿಯುತ್ತಿದ್ದ ಊರಿನ ಪೋಸ್ಟ್‌ಮಾಸ್ಟರು ಕನ್ನಡಕ ಏರಿಸಿ ಓದಿದರು.

"ಇದರಲ್ಲಿ ಡಾಕ್ಟರ್ ಸಾರಮ್ಮ ಅಂತ ಇದೆ. ನಿನ್ನ ಹೆಸರೇನು ಮೋಳೆ?"

"ವಾಸಂತಿ."

"ಹಾಗಾದರೆ ಇದು ನಿನ್ನದಲ್ಲ ಅನ್ನುವುದಕ್ಕೆ ದಾಖಲೆ" ಎಂದರು. ಜನ ತಲೆಯಾಡಿಸಿದರು.

ನಾನು ವಾಸಂತಿಯ ಕಡೆ ತಿರುಗಿ, "ಏನ ಮಾಡಿದ್ಯವ್ವಾ ನೀ! ಸುಮ್ಮನಿದ್ರ ಛಲೋ ಇತ್ತು" ಎಂದೆ.

"ನಾನು ಎಂತ ಮಾಡಿದೆ? ಕೋರ್ಟಿನಲ್ಲಿ ಹೀಗೇ ತೋರಿಸುವುದು" ಎಂದಳು, ಅಳುಮುಖ ಮಾಡಿಕೊಂಡು.

ಹೇಳಲೇಬೇಕಾದದ್ದೊಂದಿದೆ. ನಮ್ಮನ್ನು ಕಳ್ಳರೆಂದು ಹಿಡಿದವರು ನಮಗೆ ಕೂರಲು ಬೆಂಚು ಕೊಟ್ಟರು, ಬಾಳೆಹಣ್ಣು ಕೊಟ್ಟರು, ನಮ್ಮ ಜೊತೆ ಮಾತಾಡುವಾಗ ಎತ್ತಿ ಕಟ್ಟಿದ ಮುಂಡು ಬಿಚ್ಚಿ ಕೆಳಗಿಳಿಸಿದರು. ಹಿರಿಯರ ಮುಂದೆ, ಹೆಂಗಸರ ಮುಂದೆ ಹಾಗೆ ಮಾಡುವುದು ಅಲ್ಲಿನ ಮರ್ಯಾದೆ. ಕಳ್ಳರ ಮುಂದೂ ಅದನ್ನು ಬಿಡಲಿಲ್ಲ. ನಾನು ಮಾತ್ರ ಬಾಳೆಹಣ್ಣು ಕೈಯಲ್ಲೇ ಹಿಡಿದು ದಿನ ಎಣಿಸುತ್ತಿದ್ದೆ. ಇವತ್ತು ಶನಿವಾರ. ಸೋಮವಾರ ಬೆಳಿಗ್ಗೆ ಡಾಕ್ಟರಮ್ಮನ ಕಣ್ಣಿಗೆ ಪಟ್ಟಿ ಕಟ್ಟುತ್ತಾರೆ.

ಅಂಚೆ ಕಚೇರಿ

ಪೋಸ್ಟ್‌ಮಾಸ್ಟರೇ ದಾರಿ ತೋರಿಸಿದರು. ತಿರುವನಂತಪುರದ ಮನೆಯಲ್ಲಿ ಫೋನಿದೆ ಎಂದು ನಾನು ಹೇಳಿದ್ದೇ ತಡ, ಟ್ರಂಕ್ ಕಾಲ್ ಹಾಕೋಣ ಎಂದರು. ಎರಡು ಗಂಟೆ ಕಾದೆವು. ಊರಿಗೂರೇ ಕಾದಿತು. ಗಂಟೆ ಹೊಡೆದಾಗ ಪೋಸ್ಟ್‌ಮಾಸ್ಟರು ರಿಸೀವರನ್ನು ಎರಡೂ ಕೈಯಲ್ಲಿ ಹಿಡಿದು ಕಾರ್ತ್ಯಾಯನಿಗೆ ಕೊಟ್ಟು, "ಮೂರು ನಿಮಿಷ ಮಾತ್ರ" ಎಂದರು.

"ಡಾಕ್ಟರಮ್ಮಾ! ನಾನು! ಕಾರ್ತ್ಯಾಯನಿ!" ಎಂದು ಅವಳು ಕೂಗಿದ ಸದ್ದಿಗೆ ಫೋನೇ ಬೇಕಾಗಿರಲಿಲ್ಲ. "ಹ್ಞಾಂ... ಹ್ಞಾಂ... ಮಂಡಿಯಾ? ಹಾಗೇ ಇದೆ. ಮಳೆಗಾಲದಲ್ಲಿ ಹೆಚ್ಚು. ಎಣ್ಣೆ ಹಚ್ಚುತ್ತೇನೆ... ಮಗಳಿಗಾ? ಎರಡು. ಎರಡನೆಯದು ಗಂಡು..."

ನಾನು ಗೋಡೆಯ ಗಡಿಯಾರ ನೋಡುತ್ತಿದ್ದೆ. ಒಂದು ನಿಮಿಷ ಮಂಡಿಗೆ ಹೋಯಿತು, ಒಂದು ಮೊಮ್ಮಕ್ಕಳಿಗೆ. ವಾಸಂತಿ ಕೈಮುಗಿದು "ಕಾರು, ಕಾರು" ಎಂದು ಪಿಸುಗುಟ್ಟಿದಳು. ಕಾರ್ತ್ಯಾಯನಿ ಕೈಯೆತ್ತಿ ಅವಳನ್ನು ಸುಮ್ಮನಾಗಿಸಿದಳು. ಮೂರನೇ ನಿಮಿಷ ಬರೀ ಕೇಳಿಸಿಕೊಂಡಳು. "ಯಾವಾಗ?" ಎಂದಳು. "ಒಬ್ಬರೇ ಇರುತ್ತೀರಾ ಆಸ್ಪತ್ರೆಯಲ್ಲಿ?" ಎಂದಳು. ಅಷ್ಟರಲ್ಲಿ ಫೋನು ಕಡಿದುಹೋಯಿತು.

ಅವಳು ಹೊರಗೆ ಬಂದು ಮುಂಡಿನ ತುದಿಯಿಂದ ಕಣ್ಣೊರೆಸಿಕೊಂಡಳು.

"ನಮ್ಮ ವಿಷಯ ಏನು ಹೇಳಿದರು?" ಎಂದು ನಾನು ಕೇಳಿದೆ.

ಅವಳು ನನ್ನನ್ನು ಆಗಷ್ಟೇ ನೋಡಿದವಳಂತೆ ನೋಡಿದಳು. "ನಿಮ್ಮ ವಿಷಯವಾ? ಅಯ್ಯೋ, ಅದನ್ನು ಕೇಳಲೇ ಇಲ್ಲ!"

ಮೊದಲು ನಕ್ಕವರು ಪೋಸ್ಟ್‌ಮಾಸ್ಟರು. ಆಮೇಲೆ ಊರೆಲ್ಲ ನಕ್ಕಿತು. ಕಡೆಗೆ ವಾಸಂತಿಯೂ ನಕ್ಕಳು, ಕಣ್ಣಲ್ಲಿ ನೀರಿಟ್ಟುಕೊಂಡು. ಇನ್ನೊಂದು ಕರೆ ಸೋಮವಾರವೇ ಎಂದರು ಪೋಸ್ಟ್‌ಮಾಸ್ಟರು.

"ಬೇಡ. ನಾಳೆ ನಾನೇ ಇವರ ಜೊತೆ ಹೋಗುತ್ತೇನೆ. ಕದ್ದ ಕಾರಾದರೆ ಅಲ್ಲೇ ತಿಳಿಯುತ್ತದೆ. ಅಲ್ಲದಿದ್ದರೆ, ಡಾಕ್ಟರಮ್ಮನಿಗೆ ಆಸ್ಪತ್ರೆಯಲ್ಲಿ ಒಬ್ಬರು ಬೇಕು" ಎಂದಳು ಕಾರ್ತ್ಯಾಯನಿ.

ಆ ರಾತ್ರಿ ಅವಳ ಮನೆಯಲ್ಲೇ ಉಳಿದೆವು. ನಾನು ಮೀನು ತಿನ್ನುವವಳಲ್ಲ ಎಂದು ತಿಳಿದು ಬೇರೆ ಮಡಕೆಯಲ್ಲಿ ಮರಗೆಣಸು ಬೇಯಿಸಿ, ಹಸಿಮೆಣಸಿನಕಾಯಿ ಅರೆದು ಕೊಟ್ಟಳು. ಅವ್ವನ ಪತ್ರದ ಮಾತು ನೆನಪಾಯಿತು. ಎರಡನೇ ಸಲ ಹಾಕಿಸಿಕೊಂಡೆ.

ಕಾಯಲ್, ಭಾನುವಾರ ಬೆಳಿಗ್ಗೆ

ನನ್ನ ನಕಾಶೆಯ ಜಂಗಾರ್ ಅಲ್ಲಿರಲಿಲ್ಲ. ಡಾಕ್ಟರಮ್ಮ ಬರುವುದು ನಿಂತ ಮೇಲೆ ಆ ದಾರಿಯಲ್ಲಿ ಕಾರೇ ಬಂದಿರಲಿಲ್ಲವಂತೆ. ಯಾರಿಗಾಗಿ ಇಟ್ಟುಕೊಳ್ಳುತ್ತಾರೆ? ಬಂದ ದಾರಿಯಲ್ಲೇ ಮರಳು ಹಾಯ್ದು ಹಿಂದಿರುಗುವುದೆಂದರೆ ಇನ್ನೊಂದು ದಿನ. ಆದರೆ ನಾವು ಏಳುವ ಮೊದಲೇ ಕಾರ್ತ್ಯಾಯನಿ ಮೀನುಗಾರರನ್ನು ಎಬ್ಬಿಸಿದ್ದಳು. ಎರಡು ದೊಡ್ಡ ವಳ್ಳಗಳನ್ನು, ಅಂದರೆ ಅಲ್ಲಿನ ದೋಣಿಗಳನ್ನು, ಅಕ್ಕಪಕ್ಕ ಕಟ್ಟಿ, ಮೇಲೆ ಹಲಗೆ ಹಾಸಿ, ಅವಳೇ ಹೊಸೆದ ಹಗ್ಗದಿಂದ ಬಿಗಿದಿದ್ದರು. ದಡದಿಂದ ಅದಕ್ಕೆ ಎರಡು ಹಲಗೆ. ಒಂದೊಂದು ಬದಿಯ ಗಾಲಿಗಳಿಗೆ ಒಂದೊಂದು. ಅಗಲ ನನ್ನ ಎರಡು ಗೇಣು.

"ವಾಸಂತಿ, ನೀ ಹತ್ತಸು. ನಾ ಒಲ್ಲೆ. ನನಗ ಈಸು ಬರೂದಿಲ್ಲ" ಎಂದೆ.

"ನನಗೆ ಈಜು ಬರ್ತದೆ, ಕಾರಿಗೆ ಬರುವುದಿಲ್ಲ. ಫಸ್ಟ್ ಗೇರಿನಲ್ಲಿ ಮೆಲ್ಲ ಹೋಗ್ಲಿಕ್ಕೆ ನಿನಗೇ ಬರುವುದು. ಹೋಗು" ಎಂದಳು.

ಕಾರ್ತ್ಯಾಯನಿ ಎಡಗಡೆ ಬಾಗಿಲು ತೆಗೆದು ತನ್ನ ಹಳೆಯ ಜಾಗದಲ್ಲಿ ಕೂತಳು. "ನೀರು ನೋಡಬೇಡ. ಎದುರಿಗೆ ನಿಂತವನ ಕೈ ನೋಡು. ಡಾಕ್ಟರಮ್ಮ ಹಾಗೇ ಮಾಡುತ್ತಿದ್ದದ್ದು" ಎಂದು ಕೀಲಿ ನನ್ನ ಕೈಗಿಟ್ಟಳು.

ಎದುರಿಗೆ ನಿಂತ ಅಂಬಿಗನ ಕೈ ಕಪ್ಪಗೆ, ದಪ್ಪಗೆ ಇತ್ತು. ಆ ಕೈ ಬಾ ಎಂದಿತು, ಬಂದೆ. ಎಡಕ್ಕೆ ಎಂದಿತು, ಎಡಕ್ಕೆ ಎಳೆದೆ. ಹಲಗೆ ಕಿರುಗುಟ್ಟಿತು. ಮುಂದಿನ ಗಾಲಿ ಏರಿದಾಗ ದೋಣಿ ಒಂದು ಕಡೆ ತಗ್ಗಿ ಕಾರಿನ ಮೂತಿ ನೀರಿನ ಕಡೆ ಬಾಗಿತು. ಕೈ ನಿಲ್ಲಲಿಲ್ಲ, ನಾನೂ ನಿಲ್ಲಲಿಲ್ಲ. ನಾಲ್ಕೂ ಗಾಲಿ ಮೇಲೆ ಬಂದಾಗ ದಡದಲ್ಲಿದ್ದವರೆಲ್ಲ ಹೋ ಎಂದರು.

ನಡುನೀರಿನಲ್ಲಿ ಕಾರು ಮೆಲ್ಲಗೆ ಹಿಂದಕ್ಕೆ ಸರಿಯಿತು. ಒಂದು ಗೇಣು. ಹ್ಯಾಂಡ್‌ಬ್ರೇಕು ಕೈಕೊಟ್ಟಿತ್ತು. ನಾನು ಕಾಲಿನ ಬ್ರೇಕನ್ನು ಇಡೀ ಮೈಭಾರ ಹಾಕಿ ಒತ್ತಿದೆ. ಅಂಬಿಗರು ಗಾಲಿಗಳ ಹಿಂದೆ ತೆಂಗಿನ ಸಿಪ್ಪೆ ತುರುಕಿದರು. ಆದರೂ ಕಾಲು ತೆಗೆಯಲು ನನಗೆ ಧೈರ್ಯ ಬರಲಿಲ್ಲ. ಸಮುದ್ರ ಸೇರುವ ಕಡೆಯಿಂದ ಅಲೆ ಬಂದಾಗಲೆಲ್ಲ ಕಾರು ಅಲುಗುತ್ತಿತ್ತು. ಸ್ವಲ್ಪ ಹೊತ್ತಿಗೆ ಕಾಲು ಗಡಗಡ ನಡುಗತೊಡಗಿತು. ಕಾರ್ತ್ಯಾಯನಿ ಏನೂ ಮಾತಾಡದೆ ಬಗ್ಗಿ, ಬ್ರೇಕಿನ ಮೇಲಿದ್ದ ನನ್ನ ಕಾಲನ್ನು ಎರಡೂ ಕೈಯಿಂದ ಹಿಡಿದು ತಿಕ್ಕಲು ಶುರುಮಾಡಿದಳು. ನಾರು ಹೊಸೆದು ಹೊಸೆದು ಅವಳ ಅಂಗೈ ಮರಳುಕಾಗದದ ಹಾಗಿತ್ತು.

"ಇನ್ನೇನು, ಬಂತು" ಎನ್ನುತ್ತಿದ್ದಳು. ಬಂದಿರಲಿಲ್ಲ. ಮತ್ತೆ "ಇನ್ನೇನು, ಬಂತು" ಎಂದಳು. ಹೆರಿಗೆಯ ಹೆಂಗಸರಿಗೆ ಹಾಗೇ ಹೇಳಿ ಅಭ್ಯಾಸವಿರಬೇಕು.

ಆಚೆ ದಡದಲ್ಲಿ ಕಾರು ಇಳಿಸಿದ ಮೇಲೆ ಮರಳ ಮೇಲೆ ಕೂತುಬಿಟ್ಟೆ. ಕಾರ್ತ್ಯಾಯನಿ ನನ್ನ ತಲೆಯ ಸ್ಕಾರ್ಫು ಸರಿಮಾಡಿ, "ಕದ್ದವರು ಯಾರೂ ಹೀಗೆ ಕಾಲು ಒತ್ತಿ ಹಿಡಿಯುವುದಿಲ್ಲ. ಬಿಟ್ಟು ನೀರಿಗೆ ಹಾರುತ್ತಾರೆ" ಎಂದಳು. ಅಷ್ಟೇ. ಕಳ್ಳತನದ ಮಾತು ಆಮೇಲೆ ಬರಲಿಲ್ಲ.

ಕೊಲ್ಲಂ ದಾಟಿ

ಎಡಗಡೆ ಸೀಟು ತನ್ನದೆಂದು ಕಾರ್ತ್ಯಾಯನಿ ಬಿಟ್ಟುಕೊಡಲಿಲ್ಲ. ವಕೀಲೆ ವಾಸಂತಿ ಹಿಂದೆ, ಮಡಿಸಿಟ್ಟ ಮುಚ್ಚಿಗೆಯ ಮೇಲೆ, ನಮ್ಮಿಬ್ಬರ ಭುಜದ ನಡುವೆ ಕಾಲಿಟ್ಟು ಕೂರಬೇಕಾಯಿತು. ಕೊಲ್ಲಂ ಪೇಟೆಯಲ್ಲಿ ಜನ ಅವಳನ್ನು ಚುನಾವಣೆಗೆ ನಿಂತವಳೆಂದು ತಿಳಿದು ಕೈಯೆತ್ತಿ ನಮಸ್ಕರಿಸಿದರು. ಮೊದಲು ನಾಚಿಕೊಂಡಳು. ಆಟ್ಟಿಙಲ್ ಬರುವಷ್ಟರಲ್ಲಿ ಅವಳೇ ಮೊದಲು ನಮಸ್ಕರಿಸುತ್ತಿದ್ದಳು.

ಕಾರ್ತ್ಯಾಯನಿಗೆ ಕಾರಿನ ಪ್ರತಿಯೊಂದು ಸದ್ದೂ ಗೊತ್ತಿತ್ತು. "ಈಗ ನೀರು ಕೇಳುತ್ತಿದೆ" ಎನ್ನುವಳು. ನಿಲ್ಲಿಸಿ ನೋಡಿದರೆ ರೇಡಿಯೇಟರ್ ಕುದಿಯುತ್ತಿರುತ್ತಿತ್ತು. ದಾರಿಯುದ್ದಕ್ಕೂ ಡಾಕ್ಟರಮ್ಮನ ಕತೆ ಹೇಳಿದಳು. ಮಳೆಯಲ್ಲಿ ಈ ಮುಚ್ಚಿಗೆ ಸೋರುತ್ತಿತ್ತಂತೆ; ಒಬ್ಬರ ಮೇಲೆ ಒಬ್ಬರು ತಾಳೆಗರಿಯ ಕೊಡೆ ಹಿಡಿದುಕೊಂಡು ಹೋಗುತ್ತಿದ್ದರಂತೆ.

"ಡಾಕ್ಟರಮ್ಮ ಹಾಡುತ್ತಿದ್ದರು. ಬಹಳ ಕೆಟ್ಟ ದನಿ" ಎಂದು ನಕ್ಕಳು. ಸ್ವಲ್ಪ ದೂರ ಹೋದ ಮೇಲೆ, ನನ್ನ ಕಡೆ ನೋಡದೆ, "ಕಣ್ಣು ಬರುತ್ತದೆ, ಅಲ್ಲವಾ?" ಎಂದು ಕೇಳಿದಳು.

"ಬರ್ತದ" ಎಂದೆ. ಕನ್ನಡದಲ್ಲೇ ಹೇಳಿದ್ದೆ. ಅವಳಿಗೆ ತಿಳಿಯಿತು.

ತಿರುವನಂತಪುರ, ಭಾನುವಾರ

ಬಿಸಿಲು ಇರುವಾಗಲೇ ತಲುಪಬೇಕೆಂಬುದೊಂದೇ ನನ್ನ ಚಿಂತೆ. ನಾಲ್ಕೂವರೆಗೆ ಗೇಟಿನ ಮುಂದೆ ನಿಂತೆವು. ಎಂಜಿನಿನ ಸದ್ದಿಗೆ ಡಾಕ್ಟರಮ್ಮ ಆಗಲೇ ಅಂಗಳಕ್ಕೆ ಇಳಿದಿದ್ದರು. ಕೈ ಮುಂದೆ ಚಾಚಿ ನಡೆದು ಬಂದು, ಬಾನೆಟ್ಟಿನ ಮೇಲೆ ಅಂಗೈ ಇಟ್ಟು, ಬಿಸಿಗೆ ಚುರುಗುಟ್ಟಿದರೂ ತೆಗೆಯಲಿಲ್ಲ. ಬಗ್ಗಿ, ಮುಖವನ್ನು ಬಣ್ಣಕ್ಕೆ ತೀರ ಹತ್ತಿರ ತಂದರು.

"ಹಸಿರು" ಎಂದರು. ಆಮೇಲೆ ತಲೆಯೆತ್ತಿ, ಎಡಗಡೆಯ ಸೀಟಿನ ಕಡೆ ನೋಡಿದರು. "ಅಲ್ಲಿ ಬೆಳ್ಳಗೆ ಏನೋ ಇದೆ."

"ನಾನು, ಡಾಕ್ಟರಮ್ಮ" ಎಂದಳು ಕಾರ್ತ್ಯಾಯನಿ.

ಇಬ್ಬರೂ ಒಬ್ಬರ ಕೈ ಒಬ್ಬರು ಹಿಡಿದುಕೊಂಡರು. ನಾವು ಚೀಲ ಇಳಿಸುವ ನೆಪದಲ್ಲಿ ದೂರ ಹೋದೆವು. ಹಿಂತಿರುಗಿ ಬಂದಾಗ ಡಾಕ್ಟರಮ್ಮ ಮಂಡಿಗೆ ಹಚ್ಚುವ ಎಣ್ಣೆಯ ವಿಷಯ ಬೈಯುತ್ತಿದ್ದರು.

ಶಂಖುಮುಖಂ, ಆರು ವಾರದ ಮೇಲೆ

ಆಪರೇಷನ್ ಸರಿಹೋಯಿತು. ಒಂದು ವಾರ ತಲೆ ಅಲ್ಲಾಡಿಸದೆ ಮಲಗಿರಬೇಕೆಂದು ಹೇಳಿದ್ದರು. ಕಾರ್ತ್ಯಾಯನಿ ಪಕ್ಕದಲ್ಲಿ ಕೂತು ಅಲ್ಲಾಡಲು ಬಿಡಲಿಲ್ಲ. ಡಾಕ್ಟರಿಗೇ ಡಾಕ್ಟರಾದಳು ಎಂದು ನರ್ಸುಗಳು ನಗುತ್ತಿದ್ದರು. ಆರನೇ ವಾರ ದಪ್ಪ ಗಾಜಿನ ಕನ್ನಡಕ ಬಂತು. ಆ ಭಾನುವಾರ ವಾಸಂತಿಯೂ ಎರ್ನಾಕುಳದಿಂದ ಬಂದಿದ್ದಳು. ಬೆಳಿಗ್ಗೆ ಬೇಗ, ಮೂರು ಸರ್ತಿ ಓಡಾಡಿ ಮೂವರನ್ನೂ ಶಂಖುಮುಖದ ಕಡಲ ದಂಡೆಗೆ ಸಾಗಿಸಿದೆ. ವಿಮಾನ ನಿಲ್ದಾಣದ ಕಡೆಯ ರಸ್ತೆಯಲ್ಲಿ ಒಂದು ನಾಯಿಯೂ ಇರಲಿಲ್ಲ.

ಡಾಕ್ಟರಮ್ಮ ಮೊದಲು ಕಾರು ನೋಡಿದರು. "ಗಾಜಿನ ಮೂಲೆಯಲ್ಲಿ ಬಿರುಕಿದೆ. ಯಾರೂ ಹೇಳಲಿಲ್ಲ" ಎಂದರು. ಆಮೇಲೆ ನನ್ನ ಕಡೆ ತಿರುಗಿ, ಕನ್ನಡಕವನ್ನು ಹಿಂದೆ ಮುಂದೆ ಸರಿಸಿ ನೋಡಿದರು.

"ನೀನಾ? ಇಷ್ಟು ಚಿಕ್ಕವಳಾ? ನಿನ್ನ ದನಿ ಕೇಳಿ ನಾನು ಆರಡಿ ಎತ್ತರದ ಹೆಂಗಸು ಅಂದುಕೊಂಡಿದ್ದೆ. ಕಂಡಿದ್ದರೆ ಕಾರು ಕೊಡುತ್ತಲೇ ಇರಲಿಲ್ಲ."

ಆಮೇಲೆ ಸ್ಟೀರಿಂಗಿನ ಹಿಂದೆ ಕೂತರು. ಕಾರ್ತ್ಯಾಯನಿ ಕೇಳುವ ಗೋಜಿಗೇ ಹೋಗದೆ ಎಡಗಡೆ ಹತ್ತಿ ಬಾಗಿಲು ಹಾಕಿಕೊಂಡಳು. ಸೀಟು ಮುಗಿದವು.

"ಆ ತಿರುವಿನವರೆಗೆ ಹೋಗಿ ಬರುತ್ತೇವೆ" ಎಂದರು ಡಾಕ್ಟರಮ್ಮ.

ಕಾರು ತಿರುವಿನವರೆಗೆ ಹೋಯಿತು, ತಿರುವು ದಾಟಿತು. ನಾವು ಕಾದೆವು. ಮೀನಿನ ಬುಟ್ಟಿ ಹೊತ್ತವರು ಹಾದುಹೋದರು, ಬಿಸಿಲೇರಿತು.

"ಇವರು ಹಿಂದೆ ಬರುವುದುಂಟಾ?" ಎಂದಳು ವಾಸಂತಿ.

"ಸುಮ್ನಿರು, ಕೇಳಿಸ್ಕೋ" ಎಂದೆ.

ದೂರದಲ್ಲೆಲ್ಲೋ ಗೇರು ಬದಲಾಗುತ್ತಿತ್ತು. ಎರಡರಿಂದ ಮೂರಕ್ಕೆ, ಮೂರರಿಂದ ನಾಲ್ಕಕ್ಕೆ. ಕೊಚ್ಚಿಯಿಂದ ಇಲ್ಲಿಯವರೆಗೆ ನಾನು ಒಂದು ಸಲವೂ ಅದನ್ನು ಅಷ್ಟು ಮೆತ್ತಗೆ ಬದಲಾಯಿಸಿರಲಿಲ್ಲ.